ಯೋಹಾನ್ ಸೆಬಾಸ್ಟಿಯನ್ ಬಾಖನೂ ಸಭೆಯ ಹಾಡೂ

ಜರ್ಮನಿ ದೇಶದ ನಡುಭಾಗದಲ್ಲಿ ಥುರಿಂಗಿಯ ಎಂಬ ಕಾಡುಗುಡ್ಡಗಳ ಸೀಮೆಯುಂಟು. ಅಲ್ಲಿಯ ಐಸೆನಾಖ್ ಪಟ್ಟಣದ ಮೇಲಣ ಗುಡ್ಡದಲ್ಲಿರುವ ವಾರ್ಟ್‌ಬುರ್ಗ್ ಕೋಟೆಯಲ್ಲಿ ಮಾರ್ಟಿನ್ ಲೂಥರನು 1521ನೆಯ ವರುಷದಲ್ಲಿ ಅಡಗಿಕೊಂಡಿದ್ದು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಿರುಗಿಸಿದನೆಂಬದು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದ ಸಂಗತಿ. ಅದೇ ಪಟ್ಟಣದಲ್ಲಿ 1685ನೆಯ ಮಾರ್ಚ್ 21ರಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖನು ಹುಟ್ಟಿದನು. ತಂದೆಯು ಪಟ್ಟಣದ ವಾದ್ಯಗಾರನಾಗಿದ್ದನು. ಆ ವಂಶದಲ್ಲಿ ತಲೆತಲಾಂತರದಿಂದ ಸಂಗೀತವೇ ಜೀವನೋಪಾಯವಾಗಿತ್ತು. ಲೂಥರನು ಹುಡುಗನಾಗಿದ್ದಾಗ ಓದಿದ ಲತೀನ್ ಶಾಲೆಯಲ್ಲಿಯೇ ಈ ಹುಡುಗನೂ ಓದಿದನು.

ಬಾಖನ ಚರಿತ್ರೆಯನ್ನು ತಿಳಿಯಬೇಕಾದರೆ ಲೂಥರನು ಸಭೆಗೆ ಕೊಟ್ಟ ಮತ್ತೊಂದು ಸೊತ್ತನ್ನೂ ನೆನಸಬೇಕು. ಆತನಿಗೆ ಮುಂಚೆ ದೇವಾರಾಧನೆಯಲ್ಲಿ ಹಾಡುವದು ಬಹುಮಟ್ಟಿಗೆ ಯಾಜಕರಿಗೂ ಗಾಯಕರಿಗೂ ಸೇರಿದ ಕೆಲಸವಾಗಿತ್ತು. ಅದೂ ಲತೀನ್ ಭಾಷೆಯಲ್ಲಿ ನಡೆಯುತ್ತಿತ್ತು. ಲೂಥರನು ಜನರ ಸ್ವಂತ ಭಾಷೆಯಲ್ಲಿ ಕೀರ್ತನೆಗಳನ್ನು ರಚಿಸಿದನು. 1524ರಲ್ಲಿ ಅವು ಮೊದಲನೆಯ ಸಾರಿ ಪುಸ್ತಕಗಳಾಗಿ ಅಚ್ಚಾದವು. ಅಂದಿನಿಂದ ಒಕ್ಕಲಿಗನೂ ಚಮ್ಮಾರನೂ ಮನೆಗೆಲಸದ ಹೆಂಗಸೂ ದೇವಾಲಯದಲ್ಲಿ ಬಾಯಿತೆರೆದು ಹಾಡುವವರಾದರು. ಈ ಸಭಾಕೀರ್ತನೆಗಳಿಗೆ ಜರ್ಮನರು ಖೋರಾಲ್ ಎನ್ನುತ್ತಾರೆ. ಮೊದಲಲ್ಲಿ ಸಭೆಯವರು ವಾದ್ಯದ ಸಹಾಯವಿಲ್ಲದೆ ಗಾಯಕ ಹುಡುಗರ ಧ್ವನಿಯನ್ನು ಅನುಸರಿಸಿ ಹಾಡುತ್ತಿದ್ದರು. ಬಾಖನ ಕಾಲಕ್ಕೆ ಬಂದಾಗ ಅನೇಕ ಕಡೆಗಳಲ್ಲಿ ಆರ್ಗನ್ ವಾದ್ಯವು ಜನರ ಹಾಡನ್ನು ನಡಿಸತೊಡಗಿತ್ತು.

ಹಾರ್ಮೋನಿಯಮನ್ನು ಬಲ್ಲ ನಮ್ಮ ಗ್ರಾಮಸ್ಥರಿಗೆ ಈ ಆರ್ಗನನ್ನು ತಿಳಿಯುವದು ಕಷ್ಟವಲ್ಲ. ಹಾರ್ಮೋನಿಯಮಿನಲ್ಲಿ ಒಂದು ಕೈಯಿಂದ ತಿದಿಯನ್ನು ಒತ್ತಿ ಮತ್ತೊಂದು ಕೈಯಿಂದ ನುಡಿಸುತ್ತೇವೆ. ಆರ್ಗನಿನಲ್ಲಿಯಾದರೋ ಕಮ್ಮಾರನ ತಿದಿಗಿಂತ ಎಷ್ಟೋ ದೊಡ್ಡದಾದ ತಿದಿಗಳು ಹಲವು ಇರುತ್ತವೆ. ವಿದ್ಯುಚ್ಛಕ್ತಿ ಇಲ್ಲದ ಆ ಕಾಲದಲ್ಲಿ ಅವುಗಳನ್ನು ತುಳಿಯುವದಕ್ಕೆ ಬೇರೆ ಆಳುಗಳಿದ್ದರು. ಆ ಗಾಳಿಯು ತವರದಿಂದಲೂ ಮರದಿಂದಲೂ ಮಾಡಿದ ನೂರಾರು ಕೊಳವೆಗಳಲ್ಲಿ ಹೊಕ್ಕು ನುಡಿಯುತ್ತದೆ. ಉದ್ದವಾದ ಕೊಳವೆ ಗುಡುಗಿನಂತೆಯೂ, ಬೆರಳುದ್ದದ ಕೊಳವೆ ಹಕ್ಕಿಯಂತೆಯೂ ಧ್ವನಿಗೊಡುವದು. ನುಡಿಸುವವನು ಎರಡು ಕೈಗಳಿಂದ ಮಾತ್ರವಲ್ಲ, ಕಾಲುಗಳಿಂದಲೂ ನುಡಿಸುತ್ತಾನೆ. ಇಂಥ ವಾದ್ಯದ ಮುಂದೆ ಒಬ್ಬನು ಕೂತರೆ ಸಾವಿರ ಜನರ ಹಾಡನ್ನು ಎತ್ತಿ ನಿಲ್ಲಿಸಬಲ್ಲನು. ಹಾಗೆಯೇ ಸಾವಿರ ಜನರ ಹಾಡನ್ನು ಮುಳುಗಿಸಲೂ ಬಲ್ಲನು.

ಬಾಖನು ಒಂಭತ್ತು ವರುಷದವನಾಗಿದ್ದಾಗ ತಾಯಿಯು ತೀರಿಹೋದಳು; ವರುಷ ತುಂಬುವ ಮೊದಲೇ ತಂದೆಯೂ ತೀರಿಹೋದನು. ಓರ್‌ಡ್ರುಫ್ ಎಂಬ ಊರಲ್ಲಿ ಆರ್ಗನ್ ನುಡಿಸುವವನಾಗಿದ್ದ ಹಿರಿಯಣ್ಣನು ಅವನನ್ನು ಸಾಕಿ ವಿದ್ಯೆ ಕಲಿಸಿದನು. ಅಣ್ಣನಲ್ಲಿ ಹೆಸರಾದ ವಿದ್ವಾಂಸರ ಕೃತಿಗಳನ್ನು ಬರೆದಿಟ್ಟ ಪುಸ್ತಕವೊಂದಿತ್ತು. ತಮ್ಮನು ಎಷ್ಟು ಬೇಡಿದರೂ ಅದನ್ನು ಕೊಡಲೊಲ್ಲದೆ ಜಾಲರಿ ಬಾಗಿಲಿನ ಕಪಾಟಿನಲ್ಲಿ ಇಟ್ಟಿದ್ದನು. ಹುಡುಗನು ರಾತ್ರಿಯಲ್ಲಿ ತನ್ನ ಚಿಕ್ಕ ಕೈಯನ್ನು ಜಾಲರಿಯೊಳಗೆ ತೂರಿಸಿ ಪುಸ್ತಕವನ್ನು ಸುರುಳಿಮಾಡಿ ಹೊರತೆಗೆದು, ದೀಪವಿಲ್ಲದ ಕಾರಣ ಬೆಳುದಿಂಗಳಲ್ಲಿ ಆರು ತಿಂಗಳ ತನಕ ಪ್ರತಿ ಬರೆದನಂತೆ. ಅಣ್ಣನು ಕಂಡು ಆ ಪ್ರತಿಯನ್ನು ಕಿತ್ತುಕೊಂಡನು. ಈ ವೃತ್ತಾಂತವು ಬಾಖನು ಸತ್ತ ನಾಲ್ಕು ವರುಷಗಳಲ್ಲಿ ಅಚ್ಚಾದ ಚರಿತ್ರೆಯಲ್ಲಿಯೇ ಉಂಟು. ಹದಿನೈದನೆಯ ವಯಸ್ಸಿನಲ್ಲಿ ಅವನು ಉತ್ತರದ ಲ್ಯೂನೆಬುರ್ಗಿಗೆ ಹೋಗಿ, ಒಳ್ಳೇ ಕಂಠವಿದ್ದದರಿಂದ ಅಲ್ಲಿಯ ಶಾಲೆಯ ಗಾಯಕರಲ್ಲಿ ಸೇರಿದನು. ಅಲ್ಲಿಂದ ಹಾಂಬುರ್ಗಿಗೆ ಆಗಾಗ್ಗೆ ಪ್ರಯಾಣಮಾಡಿ ರೈನ್‌ಕೆನ್ ಎಂಬ ವೃದ್ಧ ವಿದ್ವಾಂಸನ ಆರ್ಗನನ್ನು ಕೇಳಿ ಬರುತ್ತಿದ್ದನು.

1703ರಲ್ಲಿ ಆರ್ನ್‌ಷ್ಟಾಟ್ ಪಟ್ಟಣದ ಹೊಸ ದೇವಾಲಯದಲ್ಲಿ ಕಟ್ಟಿದ ಹೊಸ ಆರ್ಗನನ್ನು ಪರೀಕ್ಷಿಸುವದಕ್ಕೆ ಅವನನ್ನು ಕರಿಸಿದರು. ಹದಿನೆಂಟು ವರುಷದ ಹುಡುಗನ ನುಡಿಸಾಣಿಕೆಗೆ ಜನರು ಬೆರಗಾಗಿ ಅವನನ್ನೇ ಆ ಕೆಲಸಕ್ಕೆ ನೇಮಿಸಿಕೊಂಡರು. ಕೆಲಸ ಬಹಳವಿರಲಿಲ್ಲ, ಭಾನುವಾರ, ಸೋಮವಾರ, ಗುರುವಾರಗಳಲ್ಲಿ ಆರಾಧನೆಗೆ ನುಡಿಸಿದರಾಯಿತು. ಸಂಬಳವು ಅವನ ವಯಸ್ಸಿಗೆ ಒಳ್ಳೇದಾಗಿತ್ತು. ಆದರೂ ಅಲ್ಲಿ ಸಮಾಧಾನವಿರಲಿಲ್ಲ. ಗಾಯಕರಾದ ಶಾಲಾ ವಿದ್ಯಾರ್ಥಿಗಳಲ್ಲಿ ಅವನಿಗಿಂತ ದೊಡ್ಡವರೂ ಇದ್ದರು. ಶಿಸ್ತು ಕಡಿಮೆ, ಹಾಡು ಅದಕ್ಕಿಂತ ಕಡಿಮೆ. ಅವರಲ್ಲಿ ಒಬ್ಬನ ವಾದನವನ್ನು ಬಾಖನು ಹೀನೈಸಿ ಮಾತಾಡಿದ್ದರಿಂದ ಅವನು 1705ರಲ್ಲಿ ಒಂದು ರಾತ್ರಿ ಬೀದಿಯಲ್ಲಿ ಕೋಲೆತ್ತಿದನು, ಬಾಖನು ಕತ್ತಿಯನ್ನು ಹಿರಿದನು. ನಡುವೆ ಬಂದವರು ಬಿಡಿಸಿದರು. ಸಭಾ ಆಡಳಿತ ಮಂಡಲಿಯವರು ವಿಚಾರಣೆಮಾಡಿ, ಕೊರತೆಯುಳ್ಳವರ ಸಂಗಡವೇ ಬಾಳಬೇಕಾದದ್ದು ಮನುಷ್ಯನ ಪಾಲೆಂದು ಬಾಖನಿಗೆ ಬುದ್ಧಿ ಹೇಳಿದರು. ಮಹಾಪುರುಷರ ಚರಿತ್ರೆಗಳಲ್ಲಿ ಇಂಥವುಗಳನ್ನು ಮರೆಮಾಡುವ ಪದ್ಧತಿಯುಂಟು. ನಾವು ಹಾಗೆ ಮಾಡುವದಿಲ್ಲ, ಯಾಕಂದರೆ ಈ ಯೌವನಸ್ಥನು ಮುಂಗೋಪಿಯಾಗಿದ್ದನೆಂಬದು ಮುಂದಿನ ಸಂಗತಿಗಳಿಗೆ ಬೇಕಾಗಿದೆ.

ಅದೇ ವರುಷದ ಅಕ್ಟೋಬರಿನಲ್ಲಿ ಅವನು ನಾಲ್ಕು ವಾರಗಳ ರಜಾ ಕೇಳಿ, ತನ್ನ ಸ್ಥಾನದಲ್ಲಿ ನುಡಿಸುವದಕ್ಕೆ ಸಂಬಂಧಿಕನೊಬ್ಬನನ್ನು ಇರಿಸಿ, ಲ್ಯೂಬೆಕ್ ಪಟ್ಟಣಕ್ಕೆ ಕಾಲ್ನಡೆಯಾಗಿ ಹೊರಟನು. ಅದು ಸುಮಾರು 400 ಕಿಲೋಮೀಟರ್ ದಾರಿ. ಅಲ್ಲಿಯ ವೃದ್ಧ ಬುಕ್ಸ್‌ಟೆಹೂಡನು ಆರ್ಗನ್ ವಿದ್ಯೆಯಲ್ಲಿ ಉತ್ತರ ಜರ್ಮನಿಗೆಲ್ಲಾ ಗುರುವಾಗಿದ್ದನು. ಅವನ ವಾದನವನ್ನು ಕೇಳಿ ಕೇಳಿ ಬಾಖನಿಗೆ ದಿನಗಳು ಹೋದದ್ದೇ ತಿಳಿಯಲಿಲ್ಲವೋ, ತಿಳಿದೂ ನಿಂತನೋ! ನಾಲ್ಕು ವಾರ ಹೋಗಿ ಹೆಚ್ಚುಕಡಿಮೆ ನಾಲ್ಕು ತಿಂಗಳಾದ ಮೇಲೆ ತಿರಿಗಿ ಬಂದನು.

ಬಂದವನು ಮೊದಲಿನಂತೆ ನುಡಿಸುವವನಾಗಿರಲಿಲ್ಲ. ಸಭೆಯವರು ಕೀರ್ತನೆಯ ಒಂದು ಸಾಲನ್ನು ಮುಗಿಸಿ ಉಸಿರು ತೆಗೆಯುವಷ್ಟರಲ್ಲಿ ಆರ್ಗನು ಮೇಲಿಂದ ಕೆಳಗೆ ಜಲಪಾತದಂತೆ ಓಡುವದು. ಮುಂದಿನ ಸಾಲು ಎಲ್ಲಿ ಹಿಡಿಯಬೇಕೆಂದು ಜನರಿಗೆ ತಿಳಿಯದು. ಪರಿಚಿತವಾದ ರಾಗದ ಕೆಳಗೆ ಎಂದೂ ಕೇಳದ ಸ್ವರಗಳು ಬಂದು ಸೇರುವವು. ಹೀಗೆ ಬರೆದ ಕೆಲವು ಖೋರಾಲುಗಳು ಈಗಲೂ ಉಳಿದವೆ. ವಿದ್ವಾಂಸರು ಅವುಗಳನ್ನು ಸಾಮಾನ್ಯವಾಗಿ ಈ ಕಾಲಕ್ಕೇ ಸೇರಿಸುತ್ತಾರೆ. ಅವುಗಳನ್ನು ಕೇಳುವವನಿಗೆ ಮೈ ಜುಮ್ಮೆನ್ನುವದು ನಿಜ. ಆದರೆ ಅವುಗಳ ಸಂಗಡ ಹಾಡುವದಕ್ಕೆ ಧೈರ್ಯ ಬೇಕು.

1706ನೆಯ ಫೆಬ್ರವರಿ 21ರಲ್ಲಿ ಮಂಡಲಿಯವರು ಅವನನ್ನು ಮುಂದೆ ನಿಲ್ಲಿಸಿ ಪ್ರಶ್ನೆಮಾಡಿದರು. ರಜೆಯನ್ನು ಮೀರಿದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡದು, ಕೀರ್ತನೆಯಲ್ಲಿ ವಿಚಿತ್ರವಾದ ಮಾರ್ಪಾಟುಗಳನ್ನು ಮಾಡಿ ಅನ್ಯ ಸ್ವರಗಳನ್ನು ಬೆರಸಿ ಸಭೆಯನ್ನು ಗಲಿಬಿಲಿಮಾಡಿದ್ದು. ಮತ್ತೂ ಒಂದು ದೂರಿತ್ತು. ಮೊದಲು ಅವನು ಬಹಳ ಹೊತ್ತು ನುಡಿಸುತ್ತಿದ್ದನು. ಉದ್ದವಾಯಿತೆಂದು ಮೇಲಧಿಕಾರಿಯು ಹೇಳಿದ್ದೇ ತಡ, ಮುನಿಸಿನಿಂದ ತೀರಾ ಚಿಕ್ಕದಾಗಿ ನುಡಿಸಿ ಬಿಟ್ಟುಬಿಡುತ್ತಿದ್ದನು. ಆ ವಿಚಾರಣೆಯ ದಾಖಲೆಯು ಉಳಿದಿರುವದರಿಂದ ಇವೆಲ್ಲಾ ನಮಗೆ ತಿಳಿದಿದೆ. ತನಗೆ ಬದಲಾಗಿ ನುಡಿಸಿದವನ ಮೇಲೆ ದೂರು ಬಾರದೆಂದು ನಂಬಿದ್ದೆನೆಂಬ ಅರ್ಥದಲ್ಲಿ ಬಾಖನು ಉತ್ತರ ಕೊಟ್ಟನೇ ಹೊರತು ಹೆಚ್ಚಾಗಿ ಬಗ್ಗಲಿಲ್ಲ.

ಓದುಗರೇ, ಈ ವ್ಯಾಜ್ಯದಲ್ಲಿ ನಾವು ಯಾರ ಪಕ್ಷ ಹಿಡಿಯೋಣ? ಬಾಖನನ್ನು ಹೊಗಳುವ ಪುಸ್ತಕಗಳಲ್ಲಿ ಆ ಮಂಡಲಿಯವರು ಕಿವಿಯಿಲ್ಲದ ಮಂದಮತಿಗಳಾಗಿ ಕಾಣುತ್ತಾರೆ. ನಮಗೆ ಹಾಗೆ ತೋರುವದಿಲ್ಲ. ದಿನವೆಲ್ಲಾ ಕೆಲಸಮಾಡಿ ವಾರಕ್ಕೊಮ್ಮೆ ದೇವಾಲಯಕ್ಕೆ ಬರುವ ಹೆಂಗಸಿಗೆ ಆ ಒಂದು ಕೀರ್ತನೆಯೇ ಅವಳ ಬಾಯಿಂದ ದೇವರಿಗೆ ಸಲ್ಲುವ ಕಾಣಿಕೆ. ಅದನ್ನು ಆಕೆಯ ಬಾಯಿಂದ ಕಸಕೊಂಡವನು ಎಂಥ ಪ್ರವೀಣನಾದರೂ ಕಸಕೊಂಡದ್ದು ನಿಜ. ನಮ್ಮ ಕಡೆಯ ಕೆಲವು ಸಭೆಗಳಲ್ಲಿ ಹಾರ್ಮೋನಿಯಮ್ ನುಡಿಸುವ ಯೌವನಸ್ಥರು ಹೊಸ ಸಂಗತಿಗಳನ್ನು ಕಲಿತು ಬಂದಾಗ ಮುದುಕರೆಲ್ಲಾ ಬಾಯಿಮುಚ್ಚಿ ಪುಸ್ತಕ ನೋಡುತ್ತಾ ಕೂಡ್ರುವದನ್ನು ನಾವು ಕಂಡಿದ್ದೇವೆ. ಆದರೂ ಆರ್ನ್‌ಷ್ಟಾಟಿನ ಹಿರಿಯರು ಅವನನ್ನು ಕೆಲಸದಿಂದ ತೆಗೆಯಲಿಲ್ಲವೆಂಬದನ್ನು ಮರೆಯಬಾರದು. ಗದರಿಸಿದರು, ಕಾದುಕೊಂಡರು. ಅದು ಅವರ ದೊಡ್ಡತನ.

ಮುಂದಿನ ವರುಷ ಅವನು ಮ್ಯೂಲ್‌ಹೌಸೆನ್ ಪಟ್ಟಣಕ್ಕೆ ಹೋದನು. ಅಲ್ಲಿಯೇ ಇದ್ದಾಗ ತನ್ನ ದೂರದ ಸಂಬಂಧಿಯಾದ ಮರಿಯ ಬಾರ್ಬರಳನ್ನು ಮದುವೆಯಾದನು. ಆ ಪಟ್ಟಣದಲ್ಲಿ ಭಕ್ತಿಯ ವಿಷಯವಾಗಿ ಬೋಧಕರಲ್ಲಿಯೇ ಭೇದವಿತ್ತು. ಒಂದು ಪಕ್ಷದವರು ದೇವಾಲಯದಲ್ಲಿ ಅಲಂಕಾರದ ಸಂಗೀತ ಬೇಡವೆನ್ನುವವರು. ಒಂದೇ ವರುಷದಲ್ಲಿ ಬಾಖನು ಬಿಡುಗಡೆ ಬೇಡಿ ಕಾಗದ ಬರೆದನು. ದೇವರ ಮಹಿಮೆಗಾಗಿ ಕ್ರಮವಾದ ಸಭಾಸಂಗೀತವನ್ನು ಸ್ಥಾಪಿಸುವದೇ ತನ್ನ ಗುರಿಯೆಂದು ಅದರಲ್ಲಿ ತಿಳಿಸಿದನು. ಇಪ್ಪತ್ತಮೂರು ವರುಷದವನ ಈ ಮಾತಿಗೆ ಅವನು ಜೀವಮಾನವೆಲ್ಲಾ ಕಟ್ಟುಬಿದ್ದದ್ದು ಕಾಣುತ್ತದೆ.

ವೈಮಾರಿನ ಅರಸನ ಬಳಿಯಲ್ಲಿ 1708ರಿಂದ 1717ರ ವರೆಗೆ ಇದ್ದಾಗ ಅವನು ಆರ್ಗನಿಗಾಗಿ ಚಿಕ್ಕ ಪುಸ್ತಕವೊಂದನ್ನು ಆರಂಭಿಸಿದನು. ಸಭಾಕೀರ್ತನೆಗಳಲ್ಲಿ 164ನ್ನು ಆರಿಸಿ, ಒಂದೊಂದಕ್ಕೂ ಹಾಳೆಯಲ್ಲಿ ಸ್ಥಳ ಬಿಟ್ಟು ಹೆಸರು ಬರೆದನು. ಅವುಗಳಲ್ಲಿ ಪೂರ್ತಿಯಾದವು 46 ಮಾತ್ರ. ಉಳಿದ ಹಾಳೆಗಳು ಬರಿದಾಗಿಯೇ ಉಳಿದವು. ಕಲಿಯುವವರಿಗೆ ಪಾಠವಾಗಲೆಂಬದು ಅದರ ಉದ್ದೇಶ. ಆರ್ನ್‌ಷ್ಟಾಟಿನ ಆ ಯುವಕನನ್ನು ಬಲ್ಲವನು ಈ ಪುಸ್ತಕವನ್ನು ಕೇಳಿದರೆ ಆಶ್ಚರ್ಯಪಡುವನು. ಇಲ್ಲಿ ಹೆಚ್ಚಾಗಿ ಕೀರ್ತನೆಯ ರಾಗವು ಮೇಲಿನ ಧ್ವನಿಯಲ್ಲಿ ನೆಟ್ಟಗೆ ನಡೆಯುತ್ತದೆ. ಮಗುವೂ ಅದನ್ನು ಗುರುತಿಸಬಲ್ಲದು. ವಿದ್ಯೆಯೆಲ್ಲಾ ಅದರ ಕೆಳಗಿನ ಧ್ವನಿಗಳಲ್ಲಿ ಅಡಗಿದೆ. ಆದಾಮನ ಬೀಳುವಿಕೆಯ ವಿಷಯವಾದ ಕೀರ್ತನೆಯಲ್ಲಿ ಕಾಲಿನಿಂದ ನುಡಿಸುವ ಸ್ವರಗಳು ಮೇಲಿಂದ ಕೆಳಕ್ಕೆ ದೊಪ್ಪನೆ ಬೀಳುತ್ತಾ ಇರುತ್ತವೆ. ಪ್ರವೀಣತೆಯು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಆದರೆ ಅದು ಕೀರ್ತನೆಗೆ ಆಳಾಗಿ ನಿಂತಿತು ಎಂದು ನಮ್ಮ ಅಭಿಪ್ರಾಯ.

ವೈಮಾರನ್ನು ಬಿಡುವಾಗ ಅರಸನು ಕೋಪಗೊಂಡು ಅವನನ್ನು ಸುಮಾರು ಒಂದು ತಿಂಗಳು ಸೆರೆಯಲ್ಲಿಟ್ಟನು. ತರುವಾಯ ಅವನು ಸೇರಿದ ಕ್ಯೋಥೆನಿನ ಅರಮನೆಯು ಕಲ್ವಿನನ ಮತವನ್ನು ಅನುಸರಿಸಿದ್ದಾದಕಾರಣ ಅಲ್ಲಿ ಆರಾಧನೆಯಲ್ಲಿ ದೊಡ್ಡ ಸಂಗೀತಕ್ಕೆ ಎಡೆಯಿರಲಿಲ್ಲ. 1720ರಲ್ಲಿ ಅರಸನ ಸಂಗಡ ಪ್ರಯಾಣಮಾಡಿ ತಿರಿಗಿ ಬಂದಾಗ ಹೆಂಡತಿಯು ಸತ್ತು ಸಮಾಧಿಯಾಗಿದ್ದಳು. ಅದೇ ವರುಷ ಹಾಂಬುರ್ಗಿಗೆ ಹೋಗಿ, ಬಾಬೆಲಿನ ನದಿಗಳ ಬಳಿಯಲ್ಲಿ ಅತ್ತವರ 137ನೆಯ ಕೀರ್ತನೆಯ ಖೋರಾಲನ್ನು ಮುದುಕನಾದ ರೈನ್‌ಕೆನನ ಮುಂದೆ ಅರ್ಧ ತಾಸಿನಷ್ಟು ವಿಸ್ತರಿಸಿ ನುಡಿಸಿದನು. ಈ ವಿದ್ಯೆಯು ಸತ್ತುಹೋಯಿತೆಂದು ನೆನಸಿದ್ದೆನು, ನಿನ್ನಲ್ಲಿ ಜೀವದಿಂದಿರುವದನ್ನು ಕಂಡೆನು ಎಂಬ ಭಾವದಲ್ಲಿ ಮುದುಕನು ಹರಸಿದನು. ಆಗ ಆ ಪಟ್ಟಣದ ಯಾಕೋಬನ ದೇವಾಲಯದಲ್ಲಿ ಸ್ಥಾನವೊಂದು ಬರಿದಾಗಿತ್ತು. ಅದು ದೊರೆತದ್ದು ಬಾಖನಿಗಲ್ಲ, ಸಭೆಯ ಬೊಕ್ಕಸಕ್ಕೆ 4000 ಮಾರ್ಕುಗಳನ್ನು ಕೊಟ್ಟ ಮತ್ತೊಬ್ಬನಿಗೆ. ಬೇತ್ಲೆಹೇಮಿನ ದೂತನೇ ಬಂದು ನುಡಿಸಿದರೂ ಕೈಯಲ್ಲಿ ಹಣವಿಲ್ಲದಿದ್ದರೆ ಹಾರಿಹೋಗಬೇಕಾದೀತೆಂದು ಅಲ್ಲಿಯ ಬೋಧಕನು ಕ್ರಿಸ್ತಜಯಂತಿಯ ಪ್ರಸಂಗದಲ್ಲಿ ಚುಚ್ಚಿದನಂತೆ. ಮುಂದಿನ ವರುಷ ಬಾಖನು ಗಾಯಕಿಯಾದ ಅನ್ನ ಮಗ್ದಲೇನಳನ್ನು ಎರಡನೆಯ ಮದುವೆಯಾದನು.

1723ರಲ್ಲಿ ಅವನು ಲೈಪ್ಸಿಗ್ ಪಟ್ಟಣದ ತೋಮನ ಶಾಲೆಗೆ ಕಾಂಟೊರ್, ಅಂದರೆ ಗಾಯನಾಧ್ಯಕ್ಷನಾಗಿ ಬಂದನು. ನಗರಸಭೆಯವರು ಮೊದಲು ಬೇರೆಯವರನ್ನು ಬಯಸಿದ್ದರು. ಅವರು ದೊರೆಯದ ಕಾರಣ ಇವನನ್ನು ತೆಗೆದುಕೊಂಡರು. ಅಲ್ಲಿ ಆರ್ಗನ್ ನುಡಿಸುವದಕ್ಕೆ ಬೇರೆಯವರಿದ್ದರು. ಇವನ ಕೆಲಸವು ಶಾಲೆಯ ಹುಡುಗರಿಗೆ ಹಾಡು ಕಲಿಸಿ, ಪಟ್ಟಣದ ನಾಲ್ಕು ದೇವಾಲಯಗಳಿಗೆ ಗಾಯಕರನ್ನು ಹಂಚುವದು. ಭಾನುವಾರದ ಆರಾಧನೆಯು ಬೆಳಿಗ್ಗೆ ಏಳು ಘಂಟೆಗೆ ಆರಂಭವಾಗಿ ಮೂರು ನಾಲ್ಕು ತಾಸು ನಡೆಯುವದು; ಪ್ರಸಂಗವೇ ಒಂದು ತಾಸು. ಆ ಆರಾಧನೆಗಾಗಿ ಮೊದಲನೆಯ ವರುಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದರಂತೆ ಹೊಸ ಗಾಯನಗಳನ್ನು ಬರೆದನು. ಅವುಗಳಲ್ಲಿ ಸುಮಾರು 200 ಉಳಿದವೆ. ಬರೆಯುವ ಮೊದಲು ಹಾಳೆಯ ಮೇಲ್ಗಡೆ ಯೇಸುವಿನ ಸಹಾಯವನ್ನು ಬೇಡುವ ಎರಡು ಅಕ್ಷರಗಳನ್ನೂ, ಮುಗಿಸಿದ ಮೇಲೆ ಮಹಿಮೆ ದೇವರೊಬ್ಬನಿಗೇ ಎಂದು ಸೂಚಿಸುವ ಮೂರು ಅಕ್ಷರಗಳನ್ನೂ ಹಾಕುವದು ಅವನ ರೂಢಿಯಾಗಿತ್ತು.

ಆ ಗಾಯನಗಳಲ್ಲಿ ಬಹಳವು ಕಡೆಯಲ್ಲಿ ಸಭೆಗೆ ಪರಿಚಿತವಾದ ಕೀರ್ತನೆಯ ಒಂದು ಚರಣದಿಂದ ಮುಗಿಯುತ್ತವೆ; ನಾಲ್ಕು ಧ್ವನಿಗಳಲ್ಲಿ, ಮೇಲೆ ರಾಗವು ಸ್ಪಷ್ಟವಾಗಿ. 1727ರಲ್ಲಿ ಶುಭಶುಕ್ರವಾರಕ್ಕೆಂದು ಮಾಡಿದ ಮತ್ತಾಯನ ಸುವಾರ್ತೆಯ ಶ್ರಮಚರಿತ್ರೆಯಲ್ಲಿಯೂ ಕರ್ತನ ವಿಚಾರಣೆ, ಹೊಡೆತ, ಮರಣಗಳ ನಡುನಡುವೆ ಇಂಥ ಕೀರ್ತನೆಗಳು ಬರುತ್ತವೆ. ಮುಳ್ಳಿನ ಕಿರೀಟವನ್ನು ಧರಿಸಿದ ಶಿರಸ್ಸಿನ ಕೀರ್ತನೆಯ ರಾಗವು ಅದರಲ್ಲಿ ಐದು ಸಾರಿ ಬರುತ್ತದೆ. ಆ ರಾಗವನ್ನು ಮೊದಲು 1601ರಲ್ಲಿ ಹಸ್ಲರ್ ಎಂಬವನು ಒಂದು ಪ್ರೇಮಗೀತಕ್ಕಾಗಿ ಕಟ್ಟಿದ್ದನೆಂಬದು ಅನೇಕರಿಗೆ ತಿಳಿಯದು. ಈ ಖೋರಾಲುಗಳನ್ನು ಹಾಡಿದವರು ಗಾಯಕರೇ, ಜನರು ಕೇಳಿದರೆಂದು ಈಗಿನ ವಿದ್ವಾಂಸರಲ್ಲಿ ಹೆಚ್ಚಿನವರು ನೆನಸುತ್ತಾರೆ. ಹಾಗಿದ್ದರೂ ಕೇಳಿದವರಲ್ಲಿ ಆ ರಾಗವನ್ನು ಚಿಕ್ಕಂದಿನಿಂದ ಅರಿಯದವರು ವಿರಳ.

ಅವನ ಕೈಗೆ ಎಂಥ ಗಾಯಕರು ಸಿಕ್ಕಿದರು? 1730ರಲ್ಲಿ ನಗರಸಭೆಗೆ ಬರೆದ ವಿಜ್ಞಾಪನೆಯಲ್ಲಿ ಲೆಕ್ಕವನ್ನೇ ಕೊಟ್ಟಿದ್ದಾನೆ. ಪ್ರಯೋಜನಕ್ಕೆ ಬರುವವರು 17, ಇನ್ನೂ ಕಲಿಯಬೇಕಾದವರು 20, ಯಾವದಕ್ಕೂ ಬಾರದವರು 17. ಖೋರಾಲನ್ನು ಕಷ್ಟದಿಂದ ಹಾಡಬಲ್ಲ ಕಡೇ ಹುಡುಗರನ್ನು ಪೇತ್ರನ ದೇವಾಲಯಕ್ಕೆ ಕಳುಹಿಸುತ್ತಿದ್ದನು. ಪೇತ್ರನ ಸಭೆಯವರಿಗಾಗಿ ನಾವು ಮರುಗುತ್ತೇವೆ. ನಮ್ಮ ಹೊರಗಣ ಊರುಗಳ ಚಿಕ್ಕ ಸಭೆಗಳಿಗೂ ಇದೇ ಪಾಲು ಬರುವದುಂಟು. ಸಂಬಳದ ವಿಷಯದಲ್ಲಿಯೂ ತೊಂದರೆಯಿತ್ತು. ಶವಸಂಸ್ಕಾರಗಳ ಕಾಣಿಕೆಯು ಅವನ ಆದಾಯದಲ್ಲಿ ಸೇರಿತ್ತು. 1729ರಲ್ಲಿ ಗಾಳಿ ಆರೋಗ್ಯಕರವಾಗಿದ್ದು ಸಾಯುವವರು ಕಡಿಮೆಯಾದ್ದರಿಂದ ನೂರು ತಾಲರಿಗೂ ಹೆಚ್ಚು ನಷ್ಟವಾಯಿತೆಂದು ಅವನು ಸ್ನೇಹಿತನೊಬ್ಬನಿಗೆ ಬರೆದನು. ಓದುವಾಗ ನಗೆ ಬರುವದು. ಮನೆತುಂಬ ಮಕ್ಕಳಿದ್ದವನು ಬರೆದದ್ದೆಂದು ನೆನಸಿದರೆ ನಗೆ ನಿಲ್ಲುವದು. ಎರಡು ಮದುವೆಗಳಿಂದ ಹುಟ್ಟಿದ ಇಪ್ಪತ್ತು ಮಕ್ಕಳಲ್ಲಿ ಹತ್ತು ಮಂದಿ ಮಾತ್ರ ಪ್ರಾಯಕ್ಕೆ ಬಂದರು.

1728ರ ಒಂದು ವ್ಯಾಜ್ಯವನ್ನು ಇಲ್ಲಿ ಹೇಳಲೇಬೇಕು. ಗೌಡ್ಲಿಟ್ಸ್ ಎಂಬ ಬೋಧಕನು ಮಧ್ಯಾಹ್ನದ ಮೇಲಿನ ಆರಾಧನೆಯಲ್ಲಿ ತನ್ನ ಪ್ರಸಂಗದ ಮುಂದೆಯೂ ಹಿಂದೆಯೂ ಹಾಡತಕ್ಕ ಕೀರ್ತನೆಗಳನ್ನು ತಾನೇ ಆರಿಸಬೇಕೆಂದನು. ಬಾಖನು ಸ್ವಲ್ಪಕಾಲ ಒಪ್ಪಿ ನಡೆದು, ತರುವಾಯ ನಿರಾಕರಿಸಿದನು. ಆಯಾ ಭಾನುವಾರದ ಸುವಾರ್ತೆಗೆ ತಕ್ಕಂತೆ, ವಾಡಿಕೆಯ ಕೀರ್ತನೆಪುಸ್ತಕದ ಕ್ರಮದ ಪ್ರಕಾರ ಆರಿಸುವದು ಕಾಂಟೊರನಿಗೆ ಸೇರಿದ ಹಕ್ಕೆಂದು ವಾದಿಸಿದನು. ಮಂಡಲಿಯವರು ಬೋಧಕನ ಪಕ್ಷವಾಗಿ ತೀರ್ಪುಕೊಟ್ಟರು. ಬಾಖನು ನಗರಸಭೆಗೆ ಮೊರೆಯಿಟ್ಟನು. ಹಕ್ಕಿನ ಹಟವೂ ಇದರಲ್ಲಿ ಇತ್ತು, ಇಲ್ಲವೆನ್ನಲಾರೆವು. ಆದರೆ ಇಪ್ಪತ್ತೆರಡು ವರುಷಗಳ ಹಿಂದೆ ಸಭೆಯ ಪರಿಚಿತ ರಾಗವನ್ನು ಚದರಿಸಿದನೆಂದು ಗದರಿಕೆ ಹೊಂದಿದವನು ಈಗ ಸಭೆಯ ಪರಿಚಿತ ಪುಸ್ತಕಕ್ಕಾಗಿ ಹೋರಾಡುವದನ್ನು ಕಂಡು ನಮಗೆ ಸಂತೋಷವಾಗುತ್ತದೆ.

ಆರ್ಗನನ್ನು ಪರೀಕ್ಷಿಸುವದಕ್ಕೆ ಅನೇಕ ಪಟ್ಟಣಗಳವರು ಕಡೇ ವರೆಗೂ ಅವನನ್ನು ಕರಿಸುತ್ತಿದ್ದರು. ಅವನು ಮೊದಲು ಎಲ್ಲಾ ಕೊಳವೆಗಳನ್ನೂ ಒಟ್ಟಿಗೆ ನುಡಿಸಿ, ವಾದ್ಯದ ಶ್ವಾಸಕೋಶವು ಗಟ್ಟಿಯೋ ನೋಡೋಣವೆಂದು ವಿನೋದವಾಗಿ ಹೇಳುವನು. ಕಟ್ಟಿದವರ ಮುಖ ಬಿಳುಪಾಗುವದು. ಮನೆಯಲ್ಲಿ ಅವನ ವೇದ ಪುಸ್ತಕವು ಬರೇ ಕಪಾಟಿನಲ್ಲಿರಲಿಲ್ಲ. ಕಾಲೋವನ ವ್ಯಾಖ್ಯಾನವುಳ್ಳ ಮೂರು ಸಂಪುಟಗಳ ಬೈಬಲನ್ನು ಇಟ್ಟುಕೊಂಡು ಅದರ ಅಂಚುಗಳಲ್ಲಿ ಸ್ವಹಸ್ತದಿಂದ ಬರೆದಿದ್ದನು. ದೇವಾಲಯವು ಮೇಘದಿಂದ ತುಂಬಿದ ವೃತ್ತಾಂತವಿರುವ ಎರಡನೆಯ ಪೂರ್ವಕಾಲವೃತ್ತಾಂತದ ಐದನೆಯ ಅಧ್ಯಾಯದ ಬದಿಯಲ್ಲಿ, ಭಕ್ತಿಯುಳ್ಳ ಸಂಗೀತದಲ್ಲಿ ದೇವರ ಕೃಪೆಯು ಯಾವಾಗಲೂ ಹತ್ತಿರವಿರುವದೆಂದು ಟಿಪ್ಪಣಿಯಿದೆ. ಆ ಸಂಪುಟಗಳು 1934ರಲ್ಲಿ ಅಮೇರಿಕದ ಮಿಶಿಗನ್ ಸೀಮೆಯ ಒಂದು ಮನೆಯಲ್ಲಿ ಕಂಡುಬಂದವು.

ಕಡೆಯಲ್ಲಿ ಅವನ ಕಣ್ಣುಗಳು ಮಬ್ಬಾದವು. 1750ರ ವಸಂತದಲ್ಲಿ ಟೇಲರ್ ಎಂಬ ಇಂಗ್ಲಿಷ್ ವೈದ್ಯನು ಎರಡು ಸಾರಿ ಶಸ್ತ್ರಚಿಕಿತ್ಸೆ ಮಾಡಿದನು. ದೃಷ್ಟಿಯೂ ಹೋಯಿತು, ಆರೋಗ್ಯವೂ ಹೋಯಿತು. ಆ ಕತ್ತಲೆಯಲ್ಲಿ ಅವನು ಒಂದು ಖೋರಾಲನ್ನು ಸ್ನೇಹಿತನಿಗೆ ಬಾಯಿಂದ ಹೇಳಿ ಬರಿಸಿದನೆಂದು ಅವನ ಕಡೇ ಗ್ರಂಥವನ್ನು ಅಚ್ಚುಮಾಡಿಸಿದವರು ತಿಳಿಸಿದ್ದಾರೆ. ಬಹಳ ಕಷ್ಟದಲ್ಲಿರುವವರು ದೇವರಿಗೆ ಮೊರೆಯಿಡುವ ಕೀರ್ತನೆಯ ರಾಗವದು. ವೈಮಾರಿನ ಆ ಚಿಕ್ಕ ಪುಸ್ತಕದಲ್ಲಿ ಅದೇ ರಾಗವನ್ನು ಅವನು ಹೂಬಳ್ಳಿಗಳಿಂದ ಅಲಂಕರಿಸಿದ್ದನು; ಈಗ ಆ ಬಳ್ಳಿಗಳೆಲ್ಲಾ ಕಳಚಿ ರಾಗವು ಹೆಚ್ಚುಕಡಿಮೆ ಬೆತ್ತಲೆಯಾಗಿ ನಿಂತಿದೆ. ಜುಲೈ 28ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ ಅವನು ನಿದ್ರೆಹೋದನು.

ಸಮಾಧಿಯ ಮೇಲೆ ಕಲ್ಲನ್ನೂ ಇಡಲಿಲ್ಲ. ವಿಧವೆಯಾದ ಅನ್ನ ಮಗ್ದಲೇನಳು ಧರ್ಮದ ಹಣದಿಂದ ಜೀವಿಸಿ 1760ರಲ್ಲಿ ಸತ್ತಳು. ಅವನ ದೊಡ್ಡ ಗಾಯನಗಳನ್ನು ಜನರು ಬಹುಮಟ್ಟಿಗೆ ಮರೆತುಬಿಟ್ಟರು. 1829ರಲ್ಲಿ ಮೆಂಡೆಲ್‌ಸೋನನು ಬೆರ್ಲಿನಿನಲ್ಲಿ ಮತ್ತಾಯನ ಶ್ರಮಚರಿತ್ರೆಯನ್ನು ಹಾಡಿಸುವ ವರೆಗೂ ಅದು ಮರೆಯಲ್ಲಿಯೇ ಇತ್ತು. ಮರೆಯಾಗದೆ ಉಳಿದವು ಖೋರಾಲುಗಳು. ಮಗನಾದ ಎಮಾನುವೇಲನು ಅವುಗಳಲ್ಲಿ ಮುನ್ನೂರ ಎಪ್ಪತ್ತರಷ್ಟನ್ನು ಕೂಡಿಸಿ 1784ರಿಂದ 1787ರ ವರೆಗೆ ಅಚ್ಚುಮಾಡಿಸಿದನು. ನಾಲ್ಕು ಧ್ವನಿಗಳ ಹಾಡನ್ನು ಕಲಿಯುವವರು ಇಂದಿಗೂ ಅವುಗಳಿಂದಲೇ ಕಲಿಯುತ್ತಾರೆ. 1834ರಿಂದ ಮಂಗಳೂರಿಗೂ ತರುವಾಯ ಧಾರವಾಡದ ಕಡೆಗೂ ಬಂದ ಬಾಸೆಲ್ ಮಿಶನಿನವರು ಆ ಜರ್ಮನ್ ಸಭೆಗಳ ರಾಗಗಳನ್ನು ತಂದು ಕನ್ನಡ ಮಾತುಗಳಿಗೆ ಜೋಡಿಸಿದರು. ನೋಟು ಓದಲರಿಯದ ನಮ್ಮ ಅಜ್ಜಿಯರು ಅವುಗಳನ್ನು ಬಾಯಿಪಾಠದಿಂದಲೇ ಹಾಡಿದರು, ಕೆಲವು ಸಾರಿ ತೀರಾ ಎಳೆದು ಎಳೆದು.

ಲೈಪ್ಸಿಗಿನಲ್ಲಿ 1894ರಲ್ಲಿ ನೆಲವನ್ನು ಅಗೆದು ಅವನದೆಂದು ನಂಬಿದ ಎಲುಬುಗಳನ್ನು ತೆಗೆದರು. 1950ರಿಂದ ಅವು ತೋಮನ ದೇವಾಲಯದೊಳಗೆ ಇವೆ. ವಿಚಿತ್ರ ಸ್ವರಗಳಿಂದ ಸಭೆಯನ್ನು ಗಲಿಬಿಲಿಮಾಡಿದನೆಂದು ಅವನು ಗದರಿಕೆ ಹೊಂದಿದ ಆರ್ನ್‌ಷ್ಟಾಟಿನ ಹೊಸ ದೇವಾಲಯಕ್ಕೆ 1935ರಲ್ಲಿ ಅವನ ಹೆಸರನ್ನೇ ಇಟ್ಟರು.